ಬೇಲೆಕೇರಿಯಲ್ಲಿ ಕುರುಡಿಗೆ ಗಾಳ: ನೀರಿನ ಲೆಕ್ಕ ತಿಳಿದವರಿಗೆ ಮೀನು, ದೊಡ್ಡದನ್ನು ಬಿಟ್ಟವರಿಗೆ ನಾಳೆಯೂ ಮೀನು

ಅಂಕೋಲಾ: ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಬೇಲೆಕೇರಿ ಕಡೆ ಹೋದರೆ ಕಲ್ಲಿನ ಮೇಲೆ ಯಾರಾದರೂ ಗಾಳ ಹಿಡಿದು ಕೂತಿದ್ದು ಕಾಣುತ್ತದೆ. ಕೆಲವರ ಕೈಯಲ್ಲಿ ಬಾಟ್ಲಿಗೆ ಸುತ್ತಿದ ಬರೀ ನೈಲಾನ್ ದಾರ. ಇನ್ನು ಕೆಲವರ ಹತ್ತಿರ ಸಾವಿರಗಟ್ಟಲೆ ಕೊಟ್ಟು ತಂದ ರಾಡು, ರೀಲು, ಬಣ್ಣಬಣ್ಣದ ಪ್ಲಾಸ್ಟಿಕ್ ಮೀನು. ಸಾಮಾನು ಬೇರೆಯಾದರೂ ಇಬ್ಬರ ಆಸೆಯೂ ಒಂದೇ. ಒಂದು ಒಳ್ಳೆ ಕುರುಡಿ ಬೀಳಬೇಕು.

ಮೊಬೈಲಿನಲ್ಲಿ ಅಮೆರಿಕದ ಬಾಸ್ ಫಿಶಿಂಗ್ ಸ್ಪರ್ಧೆಗಳ ವಿಡಿಯೋ ನೋಡಿ ಗಾಳದ ಹುಚ್ಚು ಹಿಡಿಸಿಕೊಂಡ ಹುಡುಗರು ಈಗ ಕರಾವಳಿಯ ಊರೂರಲ್ಲಿ ಇದ್ದಾರೆ. ಆ ವಿಡಿಯೋಗಳಲ್ಲಿ ಹೇಳುವ ಎಷ್ಟೋ ಮಾತು ನಮ್ಮ ಅಳಿವೆಗೂ ಸರಿ. ಕೆಲವು ಮಾತ್ರ ಇಲ್ಲಿಗೆ ಹೊಂದುವುದಿಲ್ಲ. ಯಾವುದು ಸರಿ, ಯಾವುದು ಅಲ್ಲ, ಸ್ಪರ್ಧೆಗೆ ಇಳಿಯುವವರು ಏನು ತಿಳಿದಿರಬೇಕು ಎಂಬ ವಿವರ ಇಲ್ಲಿದೆ.

ಅವರ ಬಾಸ್ ಬೇರೆ, ನಮ್ಮ ಬಾಸ್ ಬೇರೆ

ಅಮೆರಿಕದವರು ಬಾಸ್ ಅನ್ನುವುದು ಹೆಚ್ಚಾಗಿ ‘ಲಾರ್ಜ್‌ಮೌತ್ ಬಾಸ್’ ಎಂಬ ಸಿಹಿನೀರಿನ ಮೀನಿಗೆ. ಕೆರೆ, ಜಲಾಶಯಗಳಲ್ಲಿ ಬೆಳೆಯುವ ಮೀನು ಅದು. ಇದುವರೆಗಿನ ದಾಖಲೆ ತೂಕ ಸುಮಾರು 10 ಕೆ.ಜಿ. 1932ರಲ್ಲಿ ಜಾರ್ಜಿಯಾದಲ್ಲಿ ಒಂದು, 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಇನ್ನೊಂದು ಹೀಗೆ ಬಿದ್ದದ್ದು.

ನಮ್ಮ ಕುರುಡಿ ‘ಏಷ್ಯನ್ ಸೀ ಬಾಸ್’. ಗೋವಾದಲ್ಲಿ ಇದೇ ಚೊಣಕ್, ಮಹಾರಾಷ್ಟ್ರದಲ್ಲಿ ಜಿತಾಡಾ, ಕೇರಳದಲ್ಲಿ ಕಾಳಾಂಜಿ, ತಮಿಳುನಾಡಿನಲ್ಲಿ ಕೊಡುವಾ, ಬಂಗಾಳದಲ್ಲಿ ಭೆಟ್ಕಿ. ಆಸ್ಟ್ರೇಲಿಯಾದವರು ಹುಚ್ಚೆದ್ದು ಹಿಡಿಯುವ ಬರಮಂಡಿಯೂ ಇದೇ ಜಾತಿ. ಎರಡೂ ಬಾಸ್‌ಗಳಿಗೆ ರಕ್ತಸಂಬಂಧ ಇಲ್ಲ, ಆದರೆ ಸ್ವಭಾವ ಒಂದೇ. ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವುದಕ್ಕಿಂತ ಮರೆಯಲ್ಲಿ ಹೊಂಚು ಹಾಕಿ ನಿಂತು ಒಂದೇ ಗುಟುಕಿಗೆ ನುಂಗುವ ಮೀನುಗಳು ಇವು. ಅದಕ್ಕೇ ಅಲ್ಲಿನ ಉಪಾಯಗಳು ಇಲ್ಲೂ ಕೆಲಸ ಮಾಡುತ್ತವೆ.

ದೊಡ್ಡ ವ್ಯತ್ಯಾಸ ನೀರಿನದ್ದು. ಕೆರೆಯ ನೀರು ನಿಂತಿರುತ್ತದೆ, ಅಳಿವೆಯ ನೀರು ದಿನಕ್ಕೆ ನಾಲ್ಕು ಸಲ ದಿಕ್ಕು ಬದಲಿಸುತ್ತದೆ. ವಿಡಿಯೋದಲ್ಲಿ ಈ ಪಾಠ ಸಿಗುವುದಿಲ್ಲ.

ಮೊದಲು ಭರ್ತಿ-ಇಳಿತದ ಲೆಕ್ಕ

ನಮ್ಮ ಕಡಲಿಗೆ ದಿನಕ್ಕೆ ಎರಡು ಭರ್ತಿ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಸಂಜೆ 4ಕ್ಕೆ ನೀರು ತುಂಬಿದ್ದರೆ ನಾಳೆ ಹೆಚ್ಚುಕಡಿಮೆ 4.50ಕ್ಕೆ. ವಾರ ಕಳೆದರೆ ಅದೇ 4 ಗಂಟೆಗೆ ನೀರು ಇಳಿದಿರುತ್ತದೆ. ‘ಹೋದ ಭಾನುವಾರ ಇದೇ ಹೊತ್ತಿಗೆ ಬಿದ್ದಿತ್ತು, ಈ ಭಾನುವಾರ ಎಂತಕೆ ಬೀಳ್ಲಿಲ್ಲ’ ಎಂಬ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಇಷ್ಟೇ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರಿನ ಏರಿಳಿತ ಜಾಸ್ತಿ, ಸೆಳೆತವೂ ಜೋರು. ಅಷ್ಟಮಿಯ ಆಸುಪಾಸು ಎರಡೂ ಕಡಿಮೆ. ಕುರುಡಿಗೆ ಹರಿಯುವ ನೀರು ಬೇಕು, ಯಾಕಂದ್ರೆ ಶೆಟ್ಲಿಯನ್ನೂ ಸಣ್ಣ ಮೀನನ್ನೂ ಅದರ ಬಾಯಿಗೆ ತಂದುಕೊಡುವುದು ಆ ಹರಿವು. ನೀರು ತುಂಬಿ ನಿಂತ ಅರ್ಧ ಗಂಟೆ, ಪೂರ್ತಿ ಇಳಿದು ನಿಂತ ಅರ್ಧ ಗಂಟೆ ಗಾಳ ಹಾಕುವವರು ಚಹಾ ಕುಡಿಯಲು ಬಳಸಿಕೊಳ್ಳಬಹುದು. ನೀರು ತಿರುಗಿ ಓಡಲು ಶುರುವಾದ ಮೊದಲ ಒಂದೆರಡು ತಾಸು ಮಾತ್ರ ಕಳೆದುಕೊಳ್ಳಬಾರದು. ಆ ಹೊತ್ತು ಬೆಳಗಿನ ನಸುಕು ಅಥವಾ ಮುಸ್ಸಂಜೆಯ ಜೊತೆ ಕೂಡಿ ಬಂದರೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ.

ತಿಂಗಳ ಲೆಕ್ಕದಲ್ಲಿ ಮಳೆಗಾಲ ಹಿಂದೆ ಸರಿದು ನೀರಿನ ಕೆಂಪು ತಿಳಿಯಾಗುವ ದಿನಗಳು ಒಳ್ಳೆಯವು. ಕೆಸರು ನೀರಿನಲ್ಲಿ ಕಣ್ಣಿನ ಬೇಟೆ ಕಷ್ಟ, ಆಗ ಪ್ಲಾಸ್ಟಿಕ್ ಮೀನಿಗಿಂತ ಜೀವಂತ ಶೆಟ್ಲಿಯೇ ಮೇಲು.

ಎಲ್ಲಿ ನಿಲ್ಲಬೇಕು?

ನೀರು ಎಲ್ಲಿ ಯಾವುದಕ್ಕಾದರೂ ಬಡಿದು ಸುತ್ತುತ್ತದೋ ಅಲ್ಲಿ. ಸೇತುವೆಯ ಕಂಬ, ಕಲ್ಲಿನ ಮೂಲೆ, ಬಿದ್ದ ಮರ, ಕಾಂಡ್ಲಾ ಬೇರು, ಎರಡು ಹರಿವು ಕೂಡುವ ಗೆರೆ ಇಂಥ ಜಾಗ. ಕುರುಡಿ ಸೆಳೆತದ ನಡುವೆ ನಿಂತು ಶಕ್ತಿ ಕಳೆಯುವುದಿಲ್ಲ. ಕಂಬದ ಹಿಂದೆ ನೀರು ಮೆತ್ತಗಿರುವಲ್ಲಿ, ಹರಿವಿಗೆ ಮುಖಮಾಡಿ ಕಾಯುತ್ತದೆ. ಹಾಗಾಗಿ ಗಾಳವನ್ನು ಮೀನಿನ ತಲೆಯ ಮೇಲೆ ಎಸೆಯದೆ ಹರಿವಿನ ಮೇಲ್ಭಾಗದಲ್ಲಿ ಬಿಟ್ಟು, ನೀರೇ ಅದನ್ನು ಮರೆಯ ಬಾಯಿಗೆ ಒಯ್ಯುವಂತೆ ಮಾಡುವುದು ಜಾಣತನ.

ಹಟ್ಟಿಕೇರಿ ಕಡೆಯಿಂದ ಬರುವ ಹಳ್ಳದ ನೀರು ಬೇಲೆಕೇರಿ ಕೊಲ್ಲಿಯ ಉಪ್ಪುನೀರಿಗೆ ಸೇರುವ ಜಾಗ, ದಕ್ಷಿಣಕ್ಕೆ ಮಂಜಗುಣಿಯ ಗಂಗಾವಳಿ ಅಳಿವೆ, ಉತ್ತರಕ್ಕೆ ಕಾರವಾರದ ಕಾಳಿ ಅಳಿವೆ ಎಲ್ಲವೂ ಇಂಥ ಸಿಹಿ-ಉಪ್ಪು ಕೂಡುವ ನೀರು. ಗಜನಿ ಗದ್ದೆಗಳ ತೂಬಿನ ಬಾಯಿ ಇನ್ನೊಂದು ಗುಟ್ಟಿನ ಜಾಗ. ಇಳಿತದಲ್ಲಿ ಗಜನಿಯ ನೀರು ಹೊರಗೆ ಓಡುವಾಗ ಶೆಟ್ಲಿಯೂ ಸಣ್ಣ ಮೀನೂ ಜೊತೆಗೇ ಬರುತ್ತವೆ, ಕುರುಡಿ ಅಲ್ಲೇ ಬಾಗಿಲು ಕಾಯುತ್ತಿರುತ್ತದೆ. ಆದರೆ ಗಜನಿಯ ಒಳಗಿನ ಮೀನಿಗೆ ಯಜಮಾನರು ಇದ್ದಾರೆ. ಕೇಳದೆ ಗಾಳ ಹಾಕುವುದು ಸರಿಯಲ್ಲ. ಬಂದರಿನ ಆವರಣದಲ್ಲೂ ಅಷ್ಟೇ, ಅಲ್ಲಿಯವರ ಅನುಮತಿ ಬೇಕು. ದೋಣಿ, ಬಲೆ ಓಡಾಡುವ ದಾರಿಗೆ ಅಡ್ಡ ದಾರ ಹಾಕಿದರೆ ಜಗಳ ಖಾತ್ರಿ, ತಪ್ಪೂ ನಮ್ಮದೇ.

ಸಾಮಾನು: ಕೊನೆಯ ಒಂದು ಮೀಟರ್ ಮುಖ್ಯ

ಕುರುಡಿಗೆ ಕತ್ತರಿಸುವ ಹಲ್ಲು ಇಲ್ಲ. ಬಾಯೊಳಗೆ ಮರಳು ಕಾಗದದಂಥ ಒರಟು. ಆದರೆ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಂತೆ ಹರಿತ. ದೊಡ್ಡ ಮೀನು ಹತ್ತಿರ ಬಂದು ತಲೆ ಒದರಿದ್ದೇ ದಾರ ಕಡಿದು ಹೋದ ಕಥೆ ಪ್ರತಿಯೊಬ್ಬ ಗಾಳಗಾರನ ಹತ್ತಿರ ಒಂದಾದರೂ ಇರುತ್ತದೆ. ಅದಕ್ಕೆ ರೀಲಿನಲ್ಲಿ ತೆಳು ಬ್ರೇಡ್ ದಾರ ಇದ್ದರೂ ಕೊನೆಯ ಒಂದು ಮೀಟರ್ ದಪ್ಪ ನೈಲಾನ್ ಅಥವಾ ಫ್ಲೋರೋಕಾರ್ಬನ್ ಕಟ್ಟಬೇಕು. 40 ಪೌಂಡಿನದ್ದು ಸಾಧಾರಣ ಜಾಗಕ್ಕೆ ಸಾಕು, ಕಲ್ಲು-ಕಂಬ ಹೆಚ್ಚಿದ್ದಲ್ಲಿ 60 ಪೌಂಡು. ಪ್ರತಿ ಮೀನು ಬಿದ್ದ ಮೇಲೆ ಆ ದಾರದ ಮೇಲೆ ಬೆರಳು ಎಳೆದು ನೋಡಿ, ಒರಟಾಗಿದ್ದರೆ ಅಷ್ಟು ಕತ್ತರಿಸಿ ಹೊಸದಾಗಿ ಕಟ್ಟಬೇಕು. ಎರಡು ನಿಮಿಷದ ಸೋಮಾರಿತನಕ್ಕೆ ವರ್ಷದ ಮೀನು ಹೋಗಬಹುದು.

ಜೀವಂತ ಶೆಟ್ಲಿ ಹಾಕುವವರು ಅದರ ತಲೆಯ ಮೇಲಿನ ಮುಳ್ಳಿನ ಬುಡದಲ್ಲಿ, ಕಪ್ಪು ಚುಕ್ಕೆಯಂತೆ ಕಾಣುವ ಭಾಗಕ್ಕೆ ತಾಗದಂತೆ ಗಾಳ ಚುಚ್ಚಬೇಕು. ಆ ಚುಕ್ಕೆಗೆ ತಾಗಿದರೆ ಶೆಟ್ಲಿ ಕೂಡಲೇ ಸಾಯುತ್ತದೆ. ಪ್ಲಾಸ್ಟಿಕ್ ಮೀನು ಬಳಸುವವರು ಹತ್ತು-ಹನ್ನೆರಡು ಸೆಂಟಿಮೀಟರಿನದ್ದು ಹಾಕಿ ಎಳೆಯಿರಿ, ನಿಲ್ಲಿಸಿ, ಮತ್ತೆ ಎಳೆಯಿರಿ. ಹೆಚ್ಚಿನ ಕಡಿತ ಆಗುವುದು ನಿಲ್ಲಿಸಿದಾಗಲೇ. ಹೊಸಬರು ಮಾಡುವ ತಪ್ಪು ಅಂದರೆ ಹಗ್ಗ ಸೇದುವ ಹಾಗೆ ಬಿಡದೆ ಸುತ್ತುವುದು.

ಕಚ್ಚಿದ ಮೇಲೆ ಕುರುಡಿ ನೀರಿನಿಂದ ಪೂರ್ತಿ ಹಾರಿ ತಲೆ ಒದರುತ್ತದೆ. ಆಗ ಖುಷಿಯಲ್ಲಿ ರಾಡು ಮೇಲೆತ್ತಿದರೆ ಗಾಳ ಕಳಚುತ್ತದೆ. ರಾಡಿನ ತುದಿ ನೀರಿನ ಕಡೆ ತಗ್ಗಿಸಿ, ದಾರ ಸಡಿಲಾಗದಂತೆ ನೋಡಿಕೊಂಡರೆ ಮೀನು ಉಳಿಯುತ್ತದೆ.

ಸ್ಪರ್ಧೆಗೆ ಇಳಿಯುವವರಿಗೆ

ಈಗಿನ ಬಾಸ್ ಸ್ಪರ್ಧೆಗಳ ರೂಪ ಶುರುವಾದದ್ದು 1967ರಲ್ಲಿ. ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ಬೀವರ್ ಸರೋವರದಲ್ಲಿ ರೇ ಸ್ಕಾಟ್ ಎಂಬ ವಿಮಾ ವ್ಯಾಪಾರಿ ಮೊದಲ ದೊಡ್ಡ ಸ್ಪರ್ಧೆ ನಡೆಸಿದ. ಮೀನು ಕೊಂದು ತೂಗುವುದರ ಬಗ್ಗೆ ಆಕ್ಷೇಪ ಬಂದಾಗ, 1972ರಿಂದ ಜೀವಂತ ತೂಗಿ ಮರಳಿ ಬಿಡುವ ಕ್ರಮವನ್ನು ಅವನೇ ತಂದ. ಅಲ್ಲಿ ಸಾಮಾನ್ಯವಾಗಿ ಒಬ್ಬರ ಐದು ಒಳ್ಳೆ ಮೀನುಗಳ ಒಟ್ಟು ತೂಕ ಲೆಕ್ಕ. ದೋಣಿಯ ತೊಟ್ಟಿಯಲ್ಲಿ ಮೀನು ಸತ್ತರೆ ತೂಕದಲ್ಲಿ ಕಡಿತ.

ಆ ನಿಯಮ ಇಲ್ಲಿಗೆ ಹಾಗೇ ತರುವುದು ಕಷ್ಟ. ನಮ್ಮವರು ಹೆಚ್ಚಾಗಿ ದಡದಿಂದಲೇ ಗಾಳ ಹಾಕುವವರು, ತೊಟ್ಟಿ ಇರುವುದಿಲ್ಲ. ಬದಲಿಗೆ ಬೇರೆ ದೇಶಗಳಲ್ಲಿ ಈಗ ರೂಢಿಯಲ್ಲಿರುವ ‘ಅಳೆ, ಫೋಟೋ ತೆಗೆ, ಬಿಡು’ ಪದ್ಧತಿ ಸುಲಭ. ಗುರುತಿನ ಚೀಟಿ ಇಟ್ಟ ಅಳತೆ ಪಟ್ಟಿಯ ಮೇಲೆ ಮೀನಿಟ್ಟು ಫೋಟೋ ತೆಗೆದು ನೀರಿಗೆ ಬಿಟ್ಟರೆ ಉದ್ದವೇ ಅಂಕ.

ಸ್ಪರ್ಧೆಯಲ್ಲಿ ಗೆಲ್ಲುವವರ ಅಭ್ಯಾಸಗಳು ಸರಳ:

• ಸ್ಪರ್ಧೆಯ ಹಿಂದಿನ ವಾರವೇ ಇಳಿತದಲ್ಲಿ ಜಾಗ ನೋಡಿ ಬರುತ್ತಾರೆ. ನೀರು ಬತ್ತಿದಾಗ ಕಾಣುವ ಗುಂಡಿ, ಕಲ್ಲು, ಕಾಲುವೆಯೇ ಭರ್ತಿಯಲ್ಲಿ ಮೀನಿನ ಮನೆ.

• ಒಂದೇ ಜಾಗಕ್ಕೆ ಅಂಟಿಕೊಳ್ಳುವುದಿಲ್ಲ. ಏರುವ ನೀರಿಗೆ ಒಂದು, ಇಳಿಯುವ ನೀರಿಗೆ ಇನ್ನೊಂದು ಜಾಗ ಗುರುತಿಸಿರುತ್ತಾರೆ.

• ಮೊದಲು ಸಣ್ಣದಾದರೂ ಒಂದು ಮೀನು ಲೆಕ್ಕಕ್ಕೆ ಸೇರಿಸಿಕೊಂಡು, ಆಮೇಲೆ ದೊಡ್ಡದಕ್ಕೆ ಕಾಯುತ್ತಾರೆ.

• ಎರಡು-ಮೂರು ಬಗೆಯ ಗಾಳಗಳನ್ನು ಮನೆಯಲ್ಲೇ ಕಟ್ಟಿಕೊಂಡು ಬರುತ್ತಾರೆ. ಗಡಿಬಿಡಿಯಲ್ಲಿ ಕಟ್ಟಿದ ಗಂಟು ದೊಡ್ಡ ಮೀನಿಗೇ ಬಿಚ್ಚುತ್ತದೆ.

• ದಿನ, ತಿಥಿ, ನೀರಿನ ಹೊತ್ತು, ಮೀನು ಬಿದ್ದ ಜಾಗ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಎರಡು ವರ್ಷದ ಈ ಬರಹ ಯಾವ ದುಬಾರಿ ರೀಲಿಗೂ ಸಮ.

ದೊಡ್ಡದೆಲ್ಲ ಹೆಣ್ಣು

ಸಂಘಟಕರು ಯೋಚಿಸಬೇಕಾದ ಮಾತು ಇಲ್ಲಿದೆ. ಕುರುಡಿ ಮೊದಲು ಗಂಡಾಗಿ ಬೆಳೆದು, ಸಾಮಾನ್ಯವಾಗಿ ಐದಾರು ವರ್ಷ ದಾಟಿದ ಮೇಲೆ ಹೆಣ್ಣಾಗಿ ಮಾರ್ಪಡುವ ಮೀನು. ಎರಡೂವರೆ-ಮೂರು ಅಡಿಗಿಂತ ಉದ್ದದ್ದು ಸಿಕ್ಕಿದರೆ ಹೆಚ್ಚಾಗಿ ಅದು ಹೆಣ್ಣೇ. ಸಿಹಿನೀರಿನಲ್ಲಿ ಎಷ್ಟೇ ದೂರ ಹೋಗಿ ಬೆಳೆದರೂ ಮೊಟ್ಟೆ ಇಡಲು ಅಳಿವೆಯ ಬಾಯಿಗೇ ಬರಬೇಕು. ಮರಿಗಳು ಭರ್ತಿಯ ನೀರಿನೊಂದಿಗೆ ಕಾಂಡ್ಲಾ, ಗಜನಿ, ಹಳ್ಳಗಳಿಗೆ ನುಗ್ಗಿ ಅಲ್ಲಿ ಬೆಳೆಯುತ್ತವೆ. ದೊಡ್ಡ ತಾಯಿ ಮೀನಿನ ಮೊಟ್ಟೆಗಳ ಎಣಿಕೆ ಕೋಟಿ ದಾಟುತ್ತದೆ.

ಅಂದರೆ ‘ಅತಿ ದೊಡ್ಡ ಮೀನಿಗೆ ಬಹುಮಾನ’ ಎಂದು ಸಾರಿ, ಅದನ್ನು ಸತ್ತ ಮೇಲೆ ತೂಗಿದರೆ, ಆಯ್ದು ಆಯ್ದು ತಾಯಿಯನ್ನೇ ತೆಗೆದ ಹಾಗೆ. ಇದೇ ಕಾರಣಕ್ಕೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪೂರ್ವ ಕರಾವಳಿಯಲ್ಲಿ 58 ಸೆಂ.ಮೀ.ಗಿಂತ ಚಿಕ್ಕದನ್ನೂ 120 ಸೆಂ.ಮೀ.ಗಿಂತ ದೊಡ್ಡದನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಮೊಟ್ಟೆ ಇಡುವ ತಿಂಗಳುಗಳಲ್ಲಿ ಹಿಡಿಯುವುದೇ ಬಂದ್.

ಇಲ್ಲಿ ಒಂದು ಸತ್ಯವನ್ನೂ ಒಪ್ಪಬೇಕು. ಐದಾರು ಕೆ.ಜಿ.ಯ ಕುರುಡಿ ಅಂದರೆ ಮೀನುಗಾರ ಮನೆಗೆ ಒಂದು ದಿನದ ಗಟ್ಟಿ ದುಡಿಮೆ. ಹೊಟ್ಟೆಪಾಡಿಗೆ ಹಿಡಿಯುವವರಿಗೆ ‘ಬಿಡಿ’ ಎಂದು ಹೇಳುವುದು ಸುಲಭವಲ್ಲ, ಹವ್ಯಾಸಕ್ಕೆ ಹಿಡಿಯುವವರು ಹಾಗೆ ಹೇಳುವುದು ಚೆಂದವೂ ಅಲ್ಲ. ಹವ್ಯಾಸಿಗಳು ತಮ್ಮ ಕೈಗೆ ಬಂದದ್ದನ್ನು ಬಿಡಬಹುದು. ಊಟಕ್ಕೆ ನಡುಗಾತ್ರದ ಒಂದು ಸಾಕು. ಚೆನ್ನೈನ ಕೇಂದ್ರೀಯ ಉಪ್ಪುನೀರು ಜಲಕೃಷಿ ಸಂಸ್ಥೆ 1997ರಲ್ಲೇ ಈ ಮೀನಿನ ಮರಿ ಮಾಡುವುದನ್ನು ಸಾಧಿಸಿದೆ, ಕಾರವಾರದ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಕೇಂದ್ರ ಪಂಜರದಲ್ಲಿ ಇದನ್ನು ಬೆಳೆಸಿ ತೋರಿಸಿದೆ. ಸಾಕಿದ ಕುರುಡಿ ಪೇಟೆಗೆ ಬರುತ್ತದೆ, ನಿಜ. ಆದರೆ ಹಳ್ಳದಲ್ಲಿ ತಾನಾಗಿ ಹುಟ್ಟುವ ಕುರುಡಿಗೆ ಅಳಿವೆಯ ತಾಯಿಯೇ ಬೇಕು.

ಬಿಡುವುದಾದರೆ ಸರಿಯಾಗಿ ಬಿಡಬೇಕು. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿಬಿಟ್ಟರೆ ಬಿಡಿಸುವುದು ಸುಲಭ. ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ. ಬಿಸಿ ಕಲ್ಲು, ಒಣ ಮರಳಿನ ಮೇಲೆ ಹಾಕಬೇಡಿ. ದೊಡ್ಡ ಮೀನನ್ನು ಬಾಯಿ ಹಿಡಿದು ನೇತಾಡಿಸಿದರೆ ಒಳಗೆ ಪೆಟ್ಟಾಗುತ್ತದೆ, ಹೊಟ್ಟೆಯ ಕೆಳಗೆ ಇನ್ನೊಂದು ಕೈ ಕೊಡಬೇಕು. ನೀರಿನಲ್ಲಿ ಹರಿವಿಗೆ ಮುಖಮಾಡಿ ಹಿಡಿದು, ತಾನಾಗಿ ಬಾಲ ಬೀಸುವವರೆಗೆ ಕಾಯಿರಿ.

ಮೀನಿಗಿಂತ ಜೀವ ಮೊದಲು

ಮಳೆಗಾಲದ ಕಲ್ಲು ಪಾಚಿ ಕಟ್ಟಿ ಜಾರುತ್ತದೆ. ಹತ್ತು ಅಲೆ ಸಣ್ಣದು ಬಂದು ಹನ್ನೊಂದನೆಯದು ತಲೆ ಮೇಲೆ ಬರಬಹುದು. ಹೋದ ತಕ್ಷಣ ಗಾಳ ಹಾಕದೆ ಹದಿನೈದು ನಿಮಿಷ ಅಲೆ ಎಲ್ಲಿವರೆಗೆ ಬರುತ್ತದೆ ನೋಡಿ, ಕಲ್ಲು ಎಲ್ಲಿ ಒಣಗಿದೆಯೋ ಅಲ್ಲಿ ನಿಲ್ಲಬೇಕು.

ಗಂಗಾವಳಿ ಧಾರವಾಡ ಕಡೆ ಬೇಡ್ತಿಯಾಗಿ ಹುಟ್ಟಿ ಬರುವ ಹೊಳೆ, ನಡುವೆ ದೊಡ್ಡ ಅಣೆಕಟ್ಟು ಇಲ್ಲ. ಮಂಜಗುಣಿಯಲ್ಲಿ ಬಿಸಿಲಿದ್ದರೂ ಘಟ್ಟದ ಮಳೆ ನೀರು ಏರಿಸುತ್ತದೆ. ಕಾಳಿಯಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಡುವ ಸೂಚನೆ ಬಂದರೆ ಗಾಳ ಸುತ್ತಿ ಮನೆಗೆ ಹೋಗುವುದೇ ಸರಿ. ಒಬ್ಬರೇ ಹೋಗಬೇಡಿ, ಲೈಫ್ ಜಾಕೆಟ್ ಹಾಕಿ, ಮನೆಯಲ್ಲಿ ಜಾಗ ಹೇಳಿ ಹೋಗಿ. ಅಪಾಯವಾದರೆ 112 ಅಥವಾ ಕರಾವಳಿ ಕಾವಲು ಪೊಲೀಸರ 1093ಕ್ಕೆ ಕರೆ ಮಾಡಬೇಕು.

ಕಡಿದ ನೈಲಾನ್ ದಾರವನ್ನು ಕಲ್ಲಿನ ಮೇಲೆ ಬಿಟ್ಟು ಬರಬೇಡಿ. ಹಕ್ಕಿ, ಆಮೆಗೆ ಅದು ಉರುಳು. ಸುತ್ತಿ ಜೇಬಿಗೆ ಹಾಕಿಕೊಂಡು ಬಂದರೆ ಖಾಲಿ ಕೈಯಲ್ಲಿ ಬಂದೆವು ಎಂಬ ಬೇಜಾರೂ ಇರುವುದಿಲ್ಲ. ಕುರುಡಿಯೇನೂ ಎಲ್ಲಿಗೂ ಓಡಿಹೋಗಿಲ್ಲ. ನಾಳೆ 50 ನಿಮಿಷ ತಡವಾಗಿ ನೀರು ಮತ್ತೆ ಏರುತ್ತದೆ.