ಪಂಜರದಲ್ಲಿ ಮುಗಿಯದ ಋತು

ಪಂಜರದಲ್ಲಿ ಇರುವುದು ಒಂದೇ ಹಕ್ಕಿ. ಗಂಡಿನ ಸುಳಿವೇ ಇಲ್ಲ. ಆದರೂ ಒಂದು ಬೆಳಿಗ್ಗೆ ತಳದ ಕಾಗದದ ಮೇಲೆ ಬಿಳಿಯ ಮೊಟ್ಟೆಯೊಂದು ಕಾಣಿಸಿಕೊಳ್ಳುತ್ತದೆ. ಒಂದು ದಿನ ಬಿಟ್ಟು ಇನ್ನೊಂದು. ಮನೆಯವರಿಗೆ ಸೋಜಿಗ, ಮಕ್ಕಳಿಗೆ ಸಂಭ್ರಮ. ಮೊಟ್ಟೆಯಾಗಲು ಗಂಡು ಬೇಕಿಲ್ಲ, ಮರಿಯಾಗಲು ಮಾತ್ರ ಬೇಕು ಎಂಬುದನ್ನು ಕೋಳಿ ಸಾಕಿದವರೆಲ್ಲ ಬಲ್ಲರು. ಆದರೆ ಸುಮಾರು ೫೦ ಗ್ರಾಂ ತೂಕದ ಲವ್‌ಬರ್ಡ್ ಹಕ್ಕಿ ಕೋಳಿಯಲ್ಲ. ಎಡೆಬಿಡದೆ ಮೊಟ್ಟೆಯಿಡುವುದು ಅದರ ಪ್ರಾಣಕ್ಕೇ ಮುಳುವಾಗಬಹುದು.

ಮೊದಲು ಹೆಸರಿನ ಗೊಂದಲ. ನಮ್ಮಲ್ಲಿ ಹಲವರು ಆಸ್ಟ್ರೇಲಿಯಾ ಮೂಲದ ಬಜರಿಗಾರ್ ಹಕ್ಕಿಯನ್ನೇ ‘ಲವ್‌ಬರ್ಡ್ಸ್’ ಎಂದು ಕರೆಯುವ ವಾಡಿಕೆಯುಂಟು. ನಿಜವಾದ ಲವ್‌ಬರ್ಡುಗಳು ಆಫ್ರಿಕ ಮತ್ತು ಮಡಗಾಸ್ಕರ್ ಮೂಲದ, ಮೋಟು ಬಾಲದ ಒಂಬತ್ತು ಜಾತಿಯ ಗಿಳಿಗಳು. ಮುಂದೆ ಹೇಳಲಿರುವ ಉಪಾಯಗಳು ಬಹುಮಟ್ಟಿಗೆ ಎರಡಕ್ಕೂ ಸಲ್ಲುತ್ತವೆ.

ಈ ಆಫ್ರಿಕದ ಹಕ್ಕಿಗೆ ನಮ್ಮ ನೆರೆಯಲ್ಲೇ ಹತ್ತಿರದ ನೆಂಟನೊಬ್ಬನಿದ್ದಾನೆ. ಕೊಕ್ಕರ್ಣೆಯಿಂದ ಮೂಡಣಕ್ಕೆ ಹೆಬ್ರಿಯನ್ನು ದಾಟಿ ಆಗುಂಬೆ ಘಟ್ಟದ ಕಾಡು ಹೊಕ್ಕರೆ ಚಿಟ್ಟುಗಿಳಿಯನ್ನು ಕಾಣಬಹುದು: ಗುಬ್ಬಿಗಿಂತ ಹೆಚ್ಚು ದೊಡ್ಡದಲ್ಲದ, ಬಾವಲಿಯಂತೆ ತಲೆಕೆಳಗಾಗಿ ಜೋತು ನಿದ್ರಿಸುವ ಹಸುರು ಗಿಳಿ. ಗೂಡಿಗೆ ಬೇಕಾದ ಎಲೆಯ ಚೂರುಗಳನ್ನು ಅದು ಕೊಕ್ಕಿನಲ್ಲಿ ಒಯ್ಯುವುದಿಲ್ಲ; ಬೆನ್ನ ಕೆಳಗಿನ ಗರಿಗಳೊಳಗೆ ಸಿಕ್ಕಿಸಿಕೊಂಡು ಹಾರುತ್ತದೆ. ಪೀಚ್ ಬಣ್ಣದ ಮೊಗದ ಲವ್‌ಬರ್ಡ್ ದಿನಪತ್ರಿಕೆಯನ್ನು ನೀಟಾದ ಪಟ್ಟಿಗಳಾಗಿ ಸೀಳಿ ಬಾಲದ ಬುಡದಲ್ಲಿ ತುರುಕಿಕೊಳ್ಳುವುದನ್ನು ಕಂಡವರಿಗೆ ಈ ನೆಂಟಸ್ತಿಕೆಯ ಗುಟ್ಟು ತಿಳಿದೀತು. ಅದು ತುಂಟತನವಲ್ಲ, ಗೂಡು ಕಟ್ಟುವ ಸಿದ್ಧತೆ. (ಚಿಟ್ಟುಗಿಳಿಯನ್ನು ಕಾಡಿನಲ್ಲಿ ನೋಡಿ ಸಂತೋಷಪಡಬೇಕೇ ಹೊರತು ಹಿಡಿದು ತರಬಾರದು, ದೇಶದ ಗಿಳಿಗಳನ್ನು ಸಾಕುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ.)

ಚಿಟ್ಟುಗಿಳಿ ಸಾಮಾನ್ಯವಾಗಿ ಜನವರಿಯಿಂದ ಏಪ್ರಿಲ್‌ವರೆಗೆ ಮರದ ಪೊಟರೆಯಲ್ಲಿ ಗೂಡು ಮಾಡಿ, ಮರಿಗಳನ್ನು ಹಾರಿಸಿ, ಆ ವರ್ಷದ ಕೆಲಸ ಮುಗಿಸುತ್ತದೆ. ಪಂಜರದ ಹಕ್ಕಿಗೆ ಇಂಥ ಮುಕ್ತಾಯವೇ ಇಲ್ಲ. ಅದರ ತೊಂದರೆಯ ಮೂಲ ಇಲ್ಲಿದೆ.

ಹಕ್ಕಿಗೆ ಕಾಲ ತಿಳಿಯುವುದು ಹೇಗೆ? ಬೆಳಕಿನ ಪಾಠ ಹೇಳುವ ನಮಗೆ ಇಲ್ಲಿಯ ಸ್ವಾರಸ್ಯವನ್ನು ಬೇಗ ದಾಟಿಹೋಗಲು ಮನಸ್ಸಾಗದು. ೧೯೨೦ರ ದಶಕದಲ್ಲಿ ಕೆನಡದ ವಿಲಿಯಂ ರೋವನ್ ಎಂಬವರು ಜುಂಕೊ ಎಂಬ ಪುಟ್ಟ ಹಕ್ಕಿಗಳನ್ನು ಕೊರೆಯುವ ಚಳಿಯಲ್ಲಿ ಹೊರಗಿನ ಪಂಜರಗಳಲ್ಲಿಟ್ಟು, ಸಂಜೆಯಾದ ಮೇಲೆ ವಿದ್ಯುದ್ದೀಪ ಉರಿಸಿ ಅವುಗಳ ಹಗಲನ್ನು ಉದ್ದಗೊಳಿಸಿದರು. ನಡುಚಳಿಗಾಲದಲ್ಲೇ ಅವುಗಳ ಜನನಾಂಗಗಳು ವಸಂತದಲ್ಲಿ ಬೆಳೆಯುವಂತೆ ಬೆಳೆದವು. ಕೆಲಸ ಮಾಡಿದ್ದು ಬಿಸಿಲಿನ ಕಾವಲ್ಲ, ಹಗಲಿನ ಉದ್ದ. ಮುಂದಿನ ದಶಕದಲ್ಲಿ ಫ್ರಾನ್ಸಿನ ಜಾಕ್ ಬೆನ್ವಾ, ಕಣ್ಣಿಲ್ಲದ ಬಾತುಗಳೂ ಬೆಳಕಿಗೆ ಹೀಗೆಯೇ ಓಗೊಡುತ್ತವೆಂದು ತೋರಿಸಿದರು. ಬೆಳಕು ತಲೆಬುರುಡೆಯನ್ನೇ ತೂರಿ ಮಿದುಳಿನ ಆಳಕ್ಕೆ ಇಳಿಯುತ್ತದೆ. ಅಲ್ಲಿಯ ಜೀವಕೋಶಗಳು ಅದನ್ನು ಗ್ರಹಿಸುತ್ತವೆ. ನೀಲಿಗಿಂತ ಕೆಂಪು ಬೆಳಕು ಮಾಂಸ ಮೂಳೆಗಳನ್ನು ಹೆಚ್ಚು ಆಳಕ್ಕೆ ತೂರಬಲ್ಲದು. ಅಂಗೈಯನ್ನು ಟಾರ್ಚಿಗೆ ಅಡ್ಡಹಿಡಿದರೆ ಬೆರಳು ಕೆಂಪಾಗಿ ಕಾಣುವುದು ಇದರಿಂದಲೇ. ಸುದ್ದಿ ಮುಟ್ಟಿದೊಡನೆ ಮಿದುಳು ಪಿಟ್ಯುಟರಿ ಗ್ರಂಥಿಯನ್ನು ಚೋದಿಸುತ್ತದೆ. ಅದರ ಹಾರ್ಮೋನುಗಳು ರಕ್ತದಲ್ಲಿ ಹರಿದು ಅಂಡಾಶಯವನ್ನು ಎಬ್ಬಿಸುತ್ತವೆ.

ಈಗ ನಮ್ಮ ಮನೆಗಳನ್ನು ನೋಡೋಣ. ಕೊಕ್ಕರ್ಣೆ ಇರುವ ಅಕ್ಷಾಂಶದಲ್ಲಿ ವರ್ಷದ ಅತಿ ಉದ್ದದ ಹಗಲು ೧೩ ಗಂಟೆಗೆ ತುಸು ಕಡಮೆ, ಅತಿ ಗಿಡ್ಡ ಹಗಲು ೧೧ ಗಂಟೆ ೨೦ ನಿಮಿಷದಷ್ಟು. ಅಂತರ ಒಂದೂವರೆ ಗಂಟೆ ಮಾತ್ರ. ಆದರೆ ಚಾವಡಿಯ ದೀಪ ರಾತ್ರಿ ೧೧ರವರೆಗೆ ಉರಿದರೆ ಅಲ್ಲಿ ತೂಗುವ ಪಂಜರಕ್ಕೆ ಹದಿನಾರೂವರೆ ಗಂಟೆಯ ಹಗಲಾಯಿತು. ಅದು ಲಂಡನ್ನಿನ ಜೂನ್ ತಿಂಗಳ ಹಗಲು, ಅದೂ ವರ್ಷವಿಡೀ! ಮಳೆಗಾಲದಲ್ಲಿ ಕರೆಂಟು ಹೋದಾಗ ಮನೆಯವರು ಗೊಣಗುತ್ತಾರೆ. ಹಕ್ಕಿಗೆ ಮಾತ್ರ ಅದು ಉಪಕಾರವೇ.

ಆದರೆ ಬೆಳಕೊಂದೇ ಕಾರಣವೆನ್ನಲಾಗದು. ಪೀಚ್ ಮೊಗದ ಲವ್‌ಬರ್ಡ್ ನಮೀಬಿಯದಂಥ ಒಣ ನಾಡಿನದು. ಅಂಥ ನಾಡಿನ ಹಕ್ಕಿಗಳಿಗೆ ಮಳೆ, ಹುಲುಸಾದ ಆಹಾರ, ಗೂಡಿಗೆ ತಕ್ಕ ಪೊಟರೆ, ಜೊತೆಗಾರ ಎಲ್ಲವೂ ಸಂಕೇತಗಳೇ. ಪಂಜರದಲ್ಲಿಟ್ಟ ಮಡಕೆ, ಕನ್ನಡಿಯೊಳಗಿನ ಪ್ರತಿಬಿಂಬ, ಬೆನ್ನು ಸವರುವ ಯಜಮಾನನ ಬೆರಳು ಇವೂ ಅದೇ ಕೆಲಸ ಮಾಡುತ್ತವೆ. ಬೆನ್ನು ಸವರುವುದು ನಮಗೆ ಮುದ್ದು. ಹಕ್ಕಿಗೆ ಅದು ಬೆದೆಯ ಕರೆ. ತಲೆ ಕತ್ತುಗಳನ್ನಷ್ಟೆ ಸವರಬೇಕು.

ಆದುದರಿಂದ ಸಂಜೆಯಾಗುತ್ತಲೇ ಪಂಜರವನ್ನು ಕತ್ತಲೆಯ ಸದ್ದಿಲ್ಲದ ಕೋಣೆಗೆ ಒಯ್ದು ೧೨ ಗಂಟೆಯ ರಾತ್ರಿ ಕೊಡುವುದು ಮೊದಲ ಚಿಕಿತ್ಸೆ. ಮಡಕೆ, ಪೆಟ್ಟಿಗೆ, ಸೀಳಲು ಸಿಗುವ ಕಾಗದ, ಕನ್ನಡಿ ಎಲ್ಲವನ್ನೂ ತೆಗೆಯಬೇಕು. ಪಂಜರದ ಸ್ಥಳವನ್ನೂ ಕೋಲುಗಳ ಜೋಡಣೆಯನ್ನೂ ಬದಲಿಸಿದರೆ ಕೆಲವೊಮ್ಮೆ ಅಷ್ಟಕ್ಕೇ ಗೂಡಿನ ಹಂಬಲ ಇಳಿಯುತ್ತದೆ.

ಇಟ್ಟ ಮೊಟ್ಟೆಯನ್ನು ಏನು ಮಾಡಬೇಕು? ಒಡನೆ ತೆಗೆದುಬಿಡುವುದು ಎಲ್ಲರಿಗೂ ತೋಚುವ ಉಪಾಯ; ಅದೇ ತಪ್ಪು. ೧೮೮೩ರಲ್ಲಿ ಅಮೆರಿಕದಲ್ಲಿ ಚಾರ್ಲ್ಸ್ ಫಿಲಿಪ್ಸ್ ಎಂಬವರು ಫ್ಲಿಕರ್ ಎಂಬ ಮರಕುಟಿಗದ ಗೂಡಿನಿಂದ ಒಂದನ್ನು ಬಿಟ್ಟು ಉಳಿದ ಮೊಟ್ಟೆಗಳನ್ನು ತೆಗೆಯುತ್ತ ಹೋದಾಗ ಆ ಹಕ್ಕಿ ೭೩ ದಿನಗಳಲ್ಲಿ ೭೧ ಮೊಟ್ಟೆಯಿಟ್ಟಿತು! ಲವ್‌ಬರ್ಡ್ ಕೂಡ ಕಳೆದುದನ್ನು ತುಂಬಿಕೊಳ್ಳಲು ಹವಣಿಸುತ್ತದೆ. ಎದೆಯಡಿಯಲ್ಲಿ ಸಾಕಷ್ಟು ಮೊಟ್ಟೆಗಳ ಸ್ಪರ್ಶವಾದರೆ ಇಡುವುದು ನಿಂತು ಕಾವು ಕೂರುವುದು ಮೊದಲಾಗುತ್ತದೆ. ಆದ್ದರಿಂದ ಅವನ್ನು ಅಲ್ಲೇ ಬಿಡಬೇಕು. ಗಂಡಿದ್ದರೆ, ಹೊಸ ಮೊಟ್ಟೆಯನ್ನು ಕುದಿಸಿ ಆರಿಸಿ ಹಿಂದಿಡಬೇಕು. ಮರಿಯೊಡೆಯಲು ಬೇಕಾಗುವ ಅವಧಿ ಸುಮಾರು ೨೩ ದಿನ. ಅಷ್ಟು ಕಾಲ ಕೂತು ಬೇಸತ್ತು ತಾನಾಗಿ ಎದ್ದುಹೋದ ಮೇಲೆ ತೆಗೆದರೆ ಸಾಕು.

ಮೊಟ್ಟೆಯ ಚಿಪ್ಪೆಂದರೆ ಸುಣ್ಣ. ಇಡುವ ಮುಂಚೆ ಹೆಣ್ಣು ತನ್ನ ಮೂಳೆಗಳ ಪೊಳ್ಳಿನಲ್ಲಿ ಕ್ಯಾಲ್ಸಿಯಂ ದಾಸ್ತಾನು ಮಾಡಿಕೊಳ್ಳುತ್ತದೆ. ಸಾಲುಸಾಲಾಗಿ ಮೊಟ್ಟೆಯಿಟ್ಟರೆ ದಾಸ್ತಾನು ಬರಿದಾಗಿ ಮೂಳೆಯೇ ಸವೆಯುತ್ತದೆ. ಸ್ನಾಯು ಬಿಗಿಯಲೂ ಕ್ಯಾಲ್ಸಿಯಂ ಬೇಕಾದ್ದರಿಂದ, ಕೊನೆಗೆ ಮೊಟ್ಟೆಯನ್ನು ಹೊರದೂಡಲು ಶಕ್ತಿಯಿಲ್ಲದೆ ಅದು ಒಳಗೇ ಸಿಕ್ಕಿಕೊಳ್ಳುತ್ತದೆ. ನಮ್ಮ ಕಡಲ ದಂಡೆಗಳಲ್ಲಿ ಸಿಗುವ ಸಮುದ್ರಫೇನದ ಬಿಳಿಯ ತುಂಡನ್ನು ತೊಳೆದೊಣಗಿಸಿ ಪಂಜರಕ್ಕೆ ಕಟ್ಟಿದರೆ ಹಕ್ಕಿ ಬೇಕಾದಷ್ಟು ಕೆರೆದು ತಿನ್ನುತ್ತದೆ. ಅದನ್ನು ಅರಗಿಸಲು ಡಿ ಜೀವಸತ್ವ ಬೇಕು, ಅದು ಹುಟ್ಟಲು ಬಿಸಿಲಿನ ಅತಿನೇರಳೆ ಕಿರಣ ಬೇಕು. ಕಿಟಕಿಯ ಗಾಜು ಬೆಳಕನ್ನು ಬಿಟ್ಟು ಆ ಕಿರಣಗಳನ್ನು ತಡೆಯುತ್ತದೆ! ಮುಂಜಾನೆ ಸ್ವಲ್ಪ ಹೊತ್ತು, ಅರ್ಧ ನೆರಳಿರುವಂತೆ, ಪಂಜರವನ್ನು ಅಂಗಳದಲ್ಲಿಡಬೇಕು. ಆಷಾಢದ ಮೋಡಗಳ ನಡುವೆ ಬಿಸಿಲು ಸಿಗದು. ಆಗ ಡಿ ಜೀವಸತ್ವದ ವಿಚಾರವನ್ನು ಪಶುವೈದ್ಯರಲ್ಲಿ ಕೇಳುವುದು ಒಳ್ಳೆಯದು.

ಹಕ್ಕಿ ಗರಿಯುಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತು, ಬಾಲ ಮೇಲೆ ಕೆಳಗೆ ಆಡಿಸುತ್ತ ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆಯೆಂದು ಶಂಕಿಸಬೇಕು. ಹೊಟ್ಟೆಯನ್ನು ಅಮುಕಲೇಬಾರದು, ಒಳಗೆ ಮೊಟ್ಟೆ ಒಡೆದರೆ ಅಪಾಯ ಇಮ್ಮಡಿ. ಪಂಜರವನ್ನು ಬೆಚ್ಚಗಿಟ್ಟುಕೊಂಡು ಪಶುವೈದ್ಯರ ಬಳಿಗೆ ಒಯ್ಯಬೇಕು. ಸಂಜೆ ಕಂಡ ಲಕ್ಷಣಕ್ಕೆ ಬೆಳಗಾಗಲಿ ಎಂದು ಕಾಯುವಂತಿಲ್ಲ.