ಕಲೆ ಬಲ್ಲ ವಕೀಲ ಮತ್ತು ಜನಪದ ಕಲಾವಿದ

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಪರಿಸರದಲ್ಲಿ ಸೋಬಾನೆ ಪದಗಳ ಕ್ಷೇತ್ರಕಾರ್ಯ ಕೈಗೊಂಡಿದ್ದಾಗ ವಕ್ತೃಗಳಲ್ಲೊಬ್ಬರಾದ ಹಿರಿಯ ಹೆಣ್ಣುಮಗಳು ಟ್ರಂಕಿನಿಂದ ಒಂದು ಕಾಗದ ತೆಗೆದು ಮುಂದಿಟ್ಟರು. ಕೆಲವು ವರ್ಷಗಳ ಹಿಂದೆ ಧ್ವನಿಮುದ್ರಣಕ್ಕೆ ಬಂದವರು ಹೆಬ್ಬೆಟ್ಟು ಒತ್ತಿಸಿಕೊಂಡು ಬಿಟ್ಟುಹೋಗಿದ್ದ ಕರಾರಿನ ಪ್ರತಿ ಅದು. ಬರಹವೆಲ್ಲ ಇಂಗ್ಲಿಷಿನಲ್ಲಿ; ದಿನಾಂಕದ ಜಾಗ ಖಾಲಿ. “ನೋಡಪ್ಪ, ನನ್ ಪದಾನೆಲ್ಲ ಅವ್ರಿಗೇ ಬರ್ಕೊಟ್ಬುಟ್ಟಿದ್ದೀನಾ?” ಎಂದು ಅವರು ಕೇಳಿದರು. ಪದದ ಪಾಠಾಂತರಗಳನ್ನು ಗುರುತಿಸಬಲ್ಲ ನನಗೆ ಆ ಕಾಗದದ ಅರ್ಥ ಹೇಳಲಾಗಲಿಲ್ಲ. ಪರಿಚಿತ ವಕೀಲರೊಬ್ಬರಿಗೆ ತೋರಿಸಿದಾಗ ಅವರು ಮೊದಲು ಕೇಳಿದ್ದು “ಈ ಹಾಡು ಬರೆದವರು ಯಾರು?” ಎಂದು. ಅತ್ತೆಯಿಂದ ಸೊಸೆಗೆ ಬಂದ ಪದಕ್ಕೆ ಆ ಪ್ರಶ್ನೆಯೇ ಹೊಂದುವುದಿಲ್ಲ. ಈ ಎರಡು ಅಜ್ಞಾನಗಳ ನಡುವೆ ನಿಲ್ಲಬಲ್ಲ, ಕಲೆಯನ್ನೂ ಕಾನೂನನ್ನೂ ಬಲ್ಲ ವಕೀಲನ ಕೆಲಸವೇನೆಂಬುದು ಪ್ರಸ್ತುತ ಲೇಖನದ ವಿಷಯ.

ವಕೀಲಿಕೆ ಮತ್ತು ಕಲೆ ಒಬ್ಬರಲ್ಲೇ ಕೂಡುವುದು ನಮ್ಮಲ್ಲಿ ಹೊಸತಲ್ಲ. ಬಳ್ಳಾರಿಯ ಧರ್ಮಾವರಂ ಕೃಷ್ಣಮಾಚಾರ್ಯರು, ಕೋಲಾಚಲಂ ಶ್ರೀನಿವಾಸರಾಯರು, ಮಹಾನಟ ಬಳ್ಳಾರಿ ರಾಘವ (1880–1946), ಗದಗಿನ ಹುಯಿಲಗೋಳ ನಾರಾಯಣರಾಯರು, ಇವರೆಲ್ಲರೂ ವಕೀಲರೇ. ಆದರೆ ನಾಡು ಇವರನ್ನು ನೆನೆಯುವುದು ನಾಟಕದಿಂದ, ಕವಿತೆಯಿಂದ. ಕಲಾವಿದರ ವ್ಯವಹಾರವನ್ನೇ ವಕೀಲಿಕೆಯ ಕ್ಷೇತ್ರವಾಗಿಸಿಕೊಳ್ಳುವುದು ಬೇರೆಯದೇ ಮಾತು. ನ್ಯೂಯಾರ್ಕಿನಲ್ಲಿ 1969ರಷ್ಟು ಹಿಂದೆಯೇ ಕಲಾವಿದರಿಗೆ ಉಚಿತ ಸೇವೆ ನೀಡುವ ವಕೀಲರ ಸಂಸ್ಥೆಯೊಂದು ಹುಟ್ಟಿತು.

ಇಂಥ ತಿಳಿವಳಿಕೆಯ ಅಗತ್ಯ ಎಷ್ಟೆಂಬುದಕ್ಕೆ ಡಾ. ಶಿವರಾಮ ಕಾರಂತರ ‘ಯಕ್ಷರಂಗ’ದ ವ್ಯಾಜ್ಯವೇ ಸಾಕ್ಷಿ. ಕಾರಂತರು 1994ರ ಉಯಿಲಿನಲ್ಲಿ ತಮ್ಮ ಸಾಹಿತ್ಯಕೃತಿಗಳ ಹಕ್ಕನ್ನು ತಮ್ಮ ಸಹಾಯಕಿಗೆ ಬಿಟ್ಟಿದ್ದರು. 1997ರಲ್ಲಿ ಅವರು ತೀರಿಕೊಂಡರು. 2001ರಲ್ಲಿ ದೆಹಲಿಯಲ್ಲಿ ನಡೆದ ಪ್ರದರ್ಶನದ ಬಗ್ಗೆ ಆಕೆ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ವಿರುದ್ಧ ದಾವೆ ಹೂಡಿದರು. ಯಕ್ಷಗಾನದ ಬ್ಯಾಲೆ ಸಾಹಿತ್ಯಕೃತಿಯೇ, ನಾಟ್ಯಕೃತಿಯೇ? 2009ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ನಾಟ್ಯಕೃತಿಯೆಂದಿತು. ಉಯಿಲಿನಲ್ಲಿ ‘ಉಳಿದ ಸ್ವತ್ತು’ ಎಂಬ ಬೇರೊಂದು ಕಲಮು ಇದ್ದುದರಿಂದಲೇ ಆ ಹಕ್ಕು ಆಕೆಗೆ ಉಳಿಯಿತು. ಕಾನೂನು ವಿನಾಯಿತಿ ನೀಡಿರುವ ಪ್ರದರ್ಶನಗಳಿಗೆ ತಡೆಯಾಜ್ಞೆ ಅಡ್ಡಿಯಾಗದೆಂದೂ ನ್ಯಾಯಾಲಯ ಸ್ಪಷ್ಟಪಡಿಸಿತು. ಕಾರಂತರಂಥವರ ಉಯಿಲಿಗೇ ಈ ಪಾಡಾದರೆ ಹೆಬ್ಬೆಟ್ಟಿನ ಕಾಗದದ ಗತಿಯೇನು!

1957ರ ಕೃತಿಸ್ವಾಮ್ಯ ಕಾಯಿದೆ ನಾಟ್ಯಕೃತಿಗೆ ಬರಹದಲ್ಲೋ ಬೇರೆ ರೀತಿಯಲ್ಲೋ ನೆಲೆಗೊಂಡ ರೂಪವನ್ನು ಕೇಳುತ್ತದೆ. ಮೂಡಲಪಾಯದ ಭಾಗವತ ರಾತ್ರಿಯಿಡೀ ಬೆಳೆಸುವ ಪ್ರಸಂಗಕ್ಕೆ ಅಂಥ ಸ್ಥಿರರೂಪ ಎಲ್ಲಿಯದು? ಆದರೆ ಅದೇ ಕಾಯಿದೆಯ 1994ರ ತಿದ್ದುಪಡಿ ‘ಪ್ರದರ್ಶಕ’ನಿಗೆ ಹಕ್ಕು ಕೊಟ್ಟಿತು. ಗಾಯಕ, ನರ್ತಕನ ಜೊತೆಗೆ ದೊಂಬರಾಟದವನನ್ನೂ ಹಾವಾಡಿಗನನ್ನೂ ಅದು ಹೆಸರಿಸುತ್ತದೆ. ಪದ ಯಾರದೇ ಆಗಿರಲಿ, ಅದನ್ನು ಹಾಡಿದ ಕಂಠಕ್ಕೆ ಹಕ್ಕುಂಟು. ಅದರ ಅವಧಿ ಈಗ 50 ವರ್ಷ. ವಾಣಿಜ್ಯ ಬಳಕೆಗೆ ಗೌರವಧನದ ಹಕ್ಕೂ ಹೆಸರು ಹೇಳಿಸಿಕೊಳ್ಳುವ ಹಕ್ಕೂ 2012ರಲ್ಲಿ ಸೇರಿದವು. ಆದ್ದರಿಂದ ಕಲೆ ಬಲ್ಲ ವಕೀಲ ಕೇಳುವುದು ‘ಬರೆದವರು ಯಾರು’ ಎಂದಲ್ಲ, ‘ಹಾಡಿದವರು ಯಾರು, ಎಂದು ಹಾಡಿದರು’ ಎಂದು.

ಸಂಘಗಳ ಮಟ್ಟಿಗೆ ಮಾತು ಸರಳ. 1960ರ ಸಂಘಗಳ ನೋಂದಣಿ ಕಾಯಿದೆಯಂತೆ ವರ್ಷವರ್ಷ ಲೆಕ್ಕಪತ್ರ ಸಲ್ಲಿಸುವುದನ್ನು ಮರೆಯಬಾರದು. ಊರಹಬ್ಬದಲ್ಲಿ ಹವ್ಯಾಸಿ ತಂಡ ಟಿಕೆಟ್ಟಿಲ್ಲದೆ ‘ಕುರುಕ್ಷೇತ್ರ’ ಆಡಿದರೆ ಕೃತಿಸ್ವಾಮ್ಯದ ಭಯ ಬೇಡ. ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಮಹಿಳೆಯರು ಮತ್ತು ಪರಿಶಿಷ್ಟರು ವರಮಾನದ ಮಿತಿಯಿಲ್ಲದೆ ಉಚಿತ ನೆರವು ಪಡೆಯಬಹುದೆಂಬುದನ್ನು ಮಾತ್ರ ನಮ್ಮ ಕಲಾವಿದರಿಗೆ ಯಾರೂ ಹೇಳಿದಂತಿಲ್ಲ.

ಹಳೇಕೋಟೆಯ ಕರಾರಿಗೆ ಮರಳುವುದಾದರೆ, ಅದರಲ್ಲಿ ಅವಧಿಯೇ ನಮೂದಾಗಿರಲಿಲ್ಲ. ಹಕ್ಕು ವರ್ಗಾವಣೆಯಲ್ಲಿ ಅವಧಿ ಹೇಳದಿದ್ದರೆ ಕಾಯಿದೆ ಅದನ್ನು ಐದೇ ವರ್ಷವೆಂದು ಎಣಿಸುತ್ತದೆ. ಆದರೆ ಎಂದಿನಿಂದ? ಮರುಭೇಟಿಯಲ್ಲಿ ಕೇಳಿದಾಗ ಅವರು “ಮೊಮ್ಮಗಳ ಮದ್ವೆ ಆದ್ ತಿಂಗ್ಳು” ಎಂದರು. ಅದೇ ಟ್ರಂಕಿನ ತಳದಲ್ಲಿ ಲಗ್ನಪತ್ರಿಕೆ ಸಿಕ್ಕಿತು: 2013ರ ಮೇ. ಐದು ವರ್ಷ ಎಂದೋ ಕಳೆದಿತ್ತು.