ಚಿಕ್ಕ ಕಾಲೇಜು ಅಂದ್ರೆ ಕೆಟ್ಟ ಕಾಲೇಜಾ?

ಸಿಇಟಿ ರ‍್ಯಾಂಕ್ ಬಂತು ಅಂದ್ರೆ ಸಾಕು, ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರೋಕೆ ಶುರುವಾಗುತ್ತವೆ. ‘ಸರ್, ಮಗಳಿಗೆ ಅಂಥಾ ಒಳ್ಳೇ ರ‍್ಯಾಂಕ್ ಬಂದಿಲ್ಲ. ಬೆಂಗಳೂರಿನ ದೊಡ್ಡ ಕಾಲೇಜಲ್ಲಿ ಸೀಟು ಸಿಗಲ್ಲ. ನಮ್ಮೂರ ಹತ್ತಿರ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿದೆ, ಚಿಕ್ಕದು. ಅಲ್ಲಿ ಸೇರಿಸಬಹುದಾ? ಇಲ್ಲಾ ಸಾಲ ಮಾಡಿಯಾದ್ರೂ ದೊಡ್ಡ ಕಾಲೇಜಲ್ಲಿ ಮ್ಯಾನೇಜ್‌ಮೆಂಟ್ ಸೀಟು ತಗೊಳ್ಳಲಾ?’ ನಾನು ಇಂಜಿನಿಯರಿಂಗ್ ಓದಿ ಟಿವಿಗೆ ಬಂದವನು ಅಂತ ವೀಕ್ಷಕರಿಗೆ ಗೊತ್ತು. ಹಾಗಾಗಿ ಎಲೆಕ್ಷನ್ ಬಗ್ಗೆ ಕೇಳಿದಷ್ಟೇ ಸಲೀಸಾಗಿ ಇದನ್ನೂ ಕೇಳ್ತಾರೆ.

ಕೇಳೋದರಲ್ಲಿ ತಪ್ಪಿಲ್ಲ. ಮನೆ ಕಟ್ಟೋದು ಬಿಟ್ಟರೆ ಒಂದು ಮಧ್ಯಮ ವರ್ಗದ ಕುಟುಂಬ ಮಾಡುವ ಅತಿ ದೊಡ್ಡ ಖರ್ಚು ಇದು. ಮನೆಯಾದ್ರೆ ಹಿಡಿಸಲಿಲ್ಲ ಅಂದ್ರೆ ಮಾರಬಹುದು. ಹದಿನೆಂಟನೇ ವಯಸ್ಸಿನಿಂದ ಇಪ್ಪತ್ತೆರಡರವರೆಗಿನ ನಾಲ್ಕು ವರ್ಷವನ್ನು ಯಾರಿಗೆ ಮಾರ್ತೀರಿ?

ಮೊದಲು ದುಡ್ಡಿನ ಲೆಕ್ಕ ಮುಗಿಸೋಣ. ನಮ್ಮ ರಾಜ್ಯದ ಸಾಮಾನ್ಯ ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟುಗಳು ಮೂರು ಪಾಲಾಗುತ್ತವೆ. ಶೇ. 45 ಸರ್ಕಾರಿ ಕೋಟಾ, ಸಿಇಟಿ ಮೂಲಕ. ಶೇ. 30 ಕಾಮೆಡ್‌ಕೆ. ಉಳಿದ ಶೇ. 25 ಮ್ಯಾನೇಜ್‌ಮೆಂಟ್ ಮತ್ತು ಎನ್‌ಆರ್‌ಐ. ಒಂದೇ ಕ್ಲಾಸು, ಒಂದೇ ಬೆಂಚು, ಒಬ್ಬರೇ ಮೇಷ್ಟ್ರು. ಆದರೆ ಆ ಬೆಂಚಿನ ಮೇಲೆ ಅಕ್ಕಪಕ್ಕ ಕೂತ ಮೂವರು ಮೂರು ಬೇರೆ ಬೇರೆ ಬೆಲೆ ಕೊಟ್ಟು ಬಂದಿರ್ತಾರೆ.

ಈಗ ಮ್ಯಾನೇಜ್‌ಮೆಂಟ್ ಸೀಟಿಗಾಗಿ ಹತ್ತು ಲಕ್ಷ ಸಾಲ ಮಾಡಿದ್ರಿ ಅಂತ ಇಟ್ಟುಕೊಳ್ಳಿ. ಬಡ್ಡಿ ಶೇ. 10, ತೀರಿಸೋಕೆ 10 ವರ್ಷ. ತಿಂಗಳ ಕಂತು 13,200 ರೂಪಾಯಿ ದಾಟುತ್ತೆ. ಹತ್ತು ವರ್ಷದಲ್ಲಿ ಬ್ಯಾಂಕಿಗೆ ಕಟ್ಟಿದ್ದು ಸುಮಾರು 15 ಲಕ್ಷ 85 ಸಾವಿರ. ಓದುವ ನಾಲ್ಕು ವರ್ಷದಲ್ಲಿ ಬೆಳೆಯೋ ಬಡ್ಡಿ ಇದರಲ್ಲಿ ಸೇರಿಲ್ಲ. ಮಗಳಿಗೆ ಮೊದಲ ಕೆಲಸದಲ್ಲಿ ಕೈಗೆ 25 ಸಾವಿರ ಸಂಬಳ ಬಂದರೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಂತಿಗೇ ಹೋಯ್ತು. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಬಸ್ಸು ಎಲ್ಲಾ ಉಳಿದ ದುಡ್ಡಲ್ಲಿ ಆಗಬೇಕು. ಸಾಲ ಮಾಡಲೇಬೇಡಿ ಅಂತ ನಾನು ಹೇಳ್ತಿಲ್ಲ. ಆ ಸಾಲದಿಂದ ಏನು ಕೊಂಡುಕೊಳ್ತಿದ್ದೀರಿ ಅನ್ನೋದು ಗೊತ್ತಿರಲಿ ಅಂತೀನಿ.

ಹಾಗಾದ್ರೆ ದೊಡ್ಡ ಕಾಲೇಜಿನಲ್ಲಿ ನಾವು ಕೊಂಡುಕೊಳ್ಳೋದು ಏನನ್ನ? ಪಾಠವನ್ನು ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಪೂರ್ತಿ ನಿಜ ಅಲ್ಲ. ದೊಡ್ಡ ಕಾಲೇಜಿನಲ್ಲಿ ಅರ್ಧ ಪಾಠ ಮಾಡೋದು ಅಲ್ಲಿರೋ ಜನ. ಪಕ್ಕದಲ್ಲಿ ಕೂತವನು ಚುರುಕಾಗಿರ್ತಾನೆ, ಹಾಸ್ಟೆಲಿನ ಸೀನಿಯರ್ ಇಂಟರ್ನ್‌ಶಿಪ್ ಮಾಡಿ ಬಂದಿರ್ತಾನೆ, ರೋಬೋಟಿಕ್ಸ್ ಕ್ಲಬ್ ಇರುತ್ತೆ, ಕಂಪನಿಗಳು ಕರೆಯದಿದ್ರೂ ಬರ್ತವೆ. ಒಬ್ಬ ಮೇಷ್ಟ್ರು ಪಾಠ ಸರಿಯಾಗಿ ಮಾಡಲಿಲ್ಲ ಅಂದ್ರೂ ಹುಡುಗ ಹೇಗೋ ದಡ ಸೇರ್ತಾನೆ. ಸುತ್ತಲಿನ ಗಾಳಿಯೇ ಅವನನ್ನ ತಳ್ಳುತ್ತೆ.

ಚಿಕ್ಕ ಕಾಲೇಜಿನಲ್ಲಿ ಆ ಗಾಳಿ ಇರಲ್ಲ. ಅಲ್ಲಿ ತಳ್ಳಬೇಕಾದವರು ಮೇಷ್ಟ್ರುಗಳೇ. ಅವರು ಒಳ್ಳೆಯವರಾಗಿದ್ದು, ನಾಲ್ಕು ವರ್ಷ ಅಲ್ಲೇ ಇದ್ದರೆ, ನಿಮ್ಮ ಮಗುವಿನ ಹೆಸರು, ಊರು, ಎಡವೋ ಜಾಗ ಎಲ್ಲಾ ಅವರಿಗೆ ಗೊತ್ತಿರುತ್ತೆ. ದೊಡ್ಡ ಕಾಲೇಜು ಎಷ್ಟು ಫೀಸು ತಗೊಂಡರೂ ಇದನ್ನ ಕೊಡೋದು ಕಷ್ಟ. ಆದರೆ ಆರಾರು ತಿಂಗಳಿಗೆ ಮೇಷ್ಟ್ರು ಬದಲಾಗ್ತಿದ್ರೆ? ಆಗ ಗಾಳಿಯೂ ಇಲ್ಲ, ಹುಟ್ಟು ಹಾಕೋರೂ ಇಲ್ಲ. ಹಾಗಾಗಿ ನನ್ನ ಮಾತು ಇಷ್ಟೇ. ಚಿಕ್ಕ ಕಾಲೇಜನ್ನ ಕಟ್ಟಡದಿಂದ ಅಳೀಬೇಡಿ, ಹೆಸರಿನಿಂದಲೂ ಅಳೀಬೇಡಿ. ಪಾಠ ಮಾಡೋರು ಯಾರು, ಎಷ್ಟು ವರ್ಷದಿಂದ ಇದ್ದಾರೆ ಅನ್ನೋದರಿಂದ ಅಳೀರಿ.

ಚಿಕ್ಕದು ಅನ್ನೋದೇ ದೋಷ ಆಗಿದ್ರೆ ನಮ್ಮ ರಾಜ್ಯದಲ್ಲಿ ಇಂಜಿನಿಯರಿಂಗ್ ಶಿಕ್ಷಣ ಇಷ್ಟು ಬೆಳೀತಾನೇ ಇರಲಿಲ್ಲ. ಬಿಎಂಎಸ್ ಶುರುವಾಗಿದ್ದು 1946ರಲ್ಲಿ, ದೇಶದ ಮೊದಮೊದಲ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದು ಅದು. ಹುಬ್ಬಳ್ಳಿಯ ಬಿವಿಬಿ 1947. ಹಾಸನದ ಮಲೆನಾಡು ಕಾಲೇಜು 1960, ಮಂಡ್ಯದ ಪಿಇಎಸ್ 1962. ಇವತ್ತು ಇವು ದೊಡ್ಡ ಹೆಸರುಗಳು. ಮೊದಲ ದಿನವೇ ಯಾವುದೂ ದೊಡ್ಡದಾಗಿರಲಿಲ್ಲ.

ಸರಿ, ಅಳೆಯೋದು ಹೇಗೆ? ಎಐಸಿಟಿಇ ನಿಯಮದ ಪ್ರಕಾರ 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಇರಬೇಕು. ಒಂದು ಬ್ರಾಂಚಿಗೆ ವರ್ಷಕ್ಕೆ 60 ಸೀಟು ಅಂದ್ರೆ ನಾಲ್ಕು ವರ್ಷಕ್ಕೆ 240 ಮಕ್ಕಳು. ಅಂದ್ರೆ ಲೆಕ್ಕಕ್ಕೆ 12 ಜನ ಅಧ್ಯಾಪಕರು. ಕಾಲೇಜಿನ ವೆಬ್‌ಸೈಟಿನಲ್ಲಿ ಅಧ್ಯಾಪಕರ ಪಟ್ಟಿ ಇರಲೇಬೇಕು. ಅದನ್ನ ಪ್ರಿಂಟ್ ತೆಗೆದುಕೊಂಡು ಕಾಲೇಜಿಗೆ ಹೋಗಿ. ಅಡ್ಮಿಷನ್ ಆಫೀಸಿನ ಏಸಿ ರೂಮಿನಲ್ಲಿ ಕೂರಬೇಡಿ. ಡಿಪಾರ್ಟ್‌ಮೆಂಟಿಗೆ ಹೋಗಿ, ಮೂರನೇ ವರ್ಷದ ಇಬ್ಬರು ಹುಡುಗರನ್ನ ಕ್ಯಾಂಟೀನಿಗೆ ಕರೆದು ಕಾಫಿ ಕೊಡಿಸಿ, ಪಟ್ಟಿ ಮುಂದಿಟ್ಟು ಕೇಳಿ: ‘ಇವರಲ್ಲಿ ಯಾರು ನಿಮಗೆ ಪಾಠ ಮಾಡಿದ್ದಾರೆ? ಮೊದಲ ವರ್ಷದಿಂದ ಇವತ್ತಿನ ತನಕ ಇರೋರು ಯಾರು?’ ಹನ್ನೆರಡರಲ್ಲಿ ಎಂಟು ಹೆಸರು ಅವರಿಗೆ ಗೊತ್ತಿದ್ದರೆ ಧೈರ್ಯ ಬರುತ್ತೆ. ‘ಇವರ್ಯಾರು ಸರ್?’ ಅಂತ ಅವರು ನಿಮ್ಮನ್ನೇ ಕೇಳಿದರೆ ಕಾಫಿ ದುಡ್ಡು ಕೊಟ್ಟು ಎದ್ದು ಬನ್ನಿ.

ಹಾಗೇ ಲ್ಯಾಬ್ ನೋಡಿ. ಬೀಗ ತೆಗೆಸಿಕೊಂಡು ಅಲ್ಲ, ಕ್ಲಾಸು ನಡೀತಿರುವಾಗ. ನಾನು ಓದುವಾಗ ಒಂದು ಆಸಿಲೋಸ್ಕೋಪಿನ ಸುತ್ತ ನಾವು ಏಳು ಜನ ನಿಲ್ಲುತ್ತಿದ್ದೆವು. ಮುಟ್ಟುತ್ತಿದ್ದದ್ದು ಇಬ್ಬರು, ರೀಡಿಂಗ್ ಬರ್ಕೊಳ್ತಿದ್ದದ್ದು ಐವರು. ರೆಕಾರ್ಡ್ ಬುಕ್ಕಿನಲ್ಲಿ ಮಾತ್ರ ಏಳೂ ಜನ ಪ್ರಯೋಗ ಮಾಡಿದ್ದೆವು. ಚಿಕ್ಕ ಕಾಲೇಜಿನಲ್ಲಿ ಮಕ್ಕಳು ಕಮ್ಮಿ ಅಂದ ಮೇಲೆ ಪ್ರತಿಯೊಬ್ಬರ ಕೈಗೂ ಉಪಕರಣ ಸಿಗಬೇಕು. ಸಿಗ್ತಿಲ್ಲ ಅಂದ್ರೆ ಚಿಕ್ಕದಾಗಿರೋದರ ಲಾಭ ಏನು?

ಇನ್ನೊಂದು ಗುಟ್ಟು ಹೇಳ್ತೀನಿ. ಚಿಕ್ಕ ಖಾಸಗಿ ಕಾಲೇಜು ಸಾಮಾನ್ಯವಾಗಿ ಬೆಳಗಾವಿಯ ವಿಟಿಯುಗೆ ಸೇರಿದ್ದು, ಸ್ವಾಯತ್ತ ಅಲ್ಲ. ದೊಡ್ಡ ಕಾಲೇಜುಗಳಲ್ಲಿ ಬಹಳಷ್ಟು ಸ್ವಾಯತ್ತ, ಅಂದ್ರೆ ಪ್ರಶ್ನೆಪತ್ರಿಕೆ ಅವರದ್ದೇ. ಸ್ವಾಯತ್ತ ಅಲ್ಲದ ಕಡೆ ಪ್ರಶ್ನೆಪತ್ರಿಕೆ ವಿಟಿಯುನಿಂದಲೇ ಬರುತ್ತೆ, ಬೀದರ್‌ನಿಂದ ಚಾಮರಾಜನಗರದ ತನಕ ಒಂದೇ. ಹಾಗಾಗಿ ಎರಡು ಚಿಕ್ಕ ಕಾಲೇಜುಗಳನ್ನ ಪಕ್ಕಪಕ್ಕ ಇಟ್ಟು ಹೋಲಿಸೋಕೆ ಆಗುತ್ತೆ. ವಿಟಿಯು ಅಂಕಪಟ್ಟಿಯಲ್ಲಿ ಇಂಟರ್ನಲ್ 50, ಪರೀಕ್ಷೆ 50 ಅಂತ ಎರಡು ಕಾಲಂ ಇರುತ್ತೆ. ಇಂಟರ್ನಲ್ ಕೊಡೋದು ಕಾಲೇಜು. ಪರೀಕ್ಷೆಯ ಪ್ರಶ್ನೆ ಕೇಳೋದು ವಿಟಿಯು. ಅಲ್ಲಿ ಓದ್ತಿರೋ ಪರಿಚಯದ ಹುಡುಗನ ಅಂಕಪಟ್ಟಿ ನೋಡಿ. ಇಂಟರ್ನಲ್‌ನಲ್ಲಿ 46, ಪರೀಕ್ಷೆಯಲ್ಲಿ 19, ವಿಷಯದ ಮೇಲೆ ವಿಷಯ ಹೀಗೇ ಇದ್ದರೆ, ಮತ್ತು ಅವನ ಗೆಳೆಯರದ್ದೂ ಹೀಗೇ ಇದ್ದರೆ, ಆ ಕಾಲೇಜು ಪಾಠದ ಬದಲು ಅಂಕ ಹಂಚ್ತಿದೆ ಅಂತ ಅರ್ಥ. ಎರಡೂ ಕಾಲಂ ಹತ್ತಿರ ಹತ್ತಿರ ಇದ್ದರೆ ಅಲ್ಲಿ ಯಾರೋ ನಿಯತ್ತಿನಿಂದ ಕೆಲಸ ಮಾಡ್ತಿದ್ದಾರೆ.

ಪ್ಲೇಸ್‌ಮೆಂಟ್ ಬೋರ್ಡು ನೋಡಿದ ಕೂಡಲೇ ಕರಗಬೇಡಿ. ಶೇ. 90 ಅಂದ್ರೆ ಯಾವುದರಲ್ಲಿ 90? ಉದಾಹರಣೆಗೆ, 60 ಮಕ್ಕಳು ಸೇರಿದರು. ಬ್ಯಾಕ್‌ಲಾಗ್ ಇಲ್ಲದೆ ಕೊನೇ ವರ್ಷಕ್ಕೆ ಬಂದವರು 38. ಪ್ಲೇಸ್‌ಮೆಂಟಿಗೆ ಹೆಸರು ಕೊಟ್ಟವರು 30. ಕೆಲಸ ಸಿಕ್ಕಿದ್ದು 27 ಜನಕ್ಕೆ. ಮೂವತ್ತರಲ್ಲಿ ಇಪ್ಪತ್ತೇಳು ಅಂದ್ರೆ ಶೇ. 90. ಅರವತ್ತರಲ್ಲಿ ಇಪ್ಪತ್ತೇಳು ಅಂದ್ರೆ ಶೇ. 45. ಎರಡೂ ಸುಳ್ಳಲ್ಲ. ಬೋರ್ಡಿನ ಮೇಲೆ ಬರೋದು ಮೊದಲನೆಯದು, ನಿಮಗೆ ಬೇಕಾಗಿರೋದು ಎರಡನೆಯದು. ‘ಸೇರಿದವರು ಎಷ್ಟು, ಆಫರ್ ಲೆಟರ್ ಸಿಕ್ಕಿದ್ದು ಎಷ್ಟು ಜನಕ್ಕೆ’ ಅಂತ ಎರಡೇ ಅಂಕಿ ಕೇಳಿ.

ಗೇಟಿನ ಮೇಲಿರೋ ನ್ಯಾಕ್, ಎನ್‌ಬಿಎ ಅಕ್ಷರಗಳೂ ಹಾಗೇ. ನ್ಯಾಕ್ ಇಡೀ ಸಂಸ್ಥೆಗೆ ಸಿಗೋ ಮಾನ್ಯತೆ. ಎನ್‌ಬಿಎ ಸಿಗೋದು ಒಂದೊಂದು ಬ್ರಾಂಚಿಗೆ, ಅದೂ ಇಂತಿಷ್ಟು ವರ್ಷಕ್ಕೆ. ಮೆಕ್ಯಾನಿಕಲ್‌ಗೆ ಸಿಕ್ಕ ಎನ್‌ಬಿಎ ಕಂಪ್ಯೂಟರ್ ಸೈನ್ಸ್‌ಗೆ ಬರಲ್ಲ. ಯಾವ ಬ್ರಾಂಚು, ಯಾವ ವರ್ಷದ ತನಕ ಅಂತ ಕೇಳಿ.

ಮತ್ತೊಂದು ಪ್ರಶ್ನೆಯನ್ನ ಈಗಿನ ಕಾಲದಲ್ಲಿ ಬಿಡಲೇಬಾರದು. ‘ಕಳೆದ ವರ್ಷ ಈ ಬ್ರಾಂಚಿನಲ್ಲಿ ಎಷ್ಟು ಸೀಟು ತುಂಬಿತು?’ 2024-25ರಿಂದ ಎಐಸಿಟಿಇ, ಚೆನ್ನಾಗಿ ನಡೀತಿರೋ ಕಾಲೇಜುಗಳಿಗೆ ಒಂದು ಬ್ರಾಂಚಿನಲ್ಲಿ ಇಷ್ಟೇ ಸೀಟು ಅಂತಿದ್ದ ಮಿತಿಯನ್ನ ತೆಗೆದುಹಾಕಿತು. ದೊಡ್ಡ ಕಾಲೇಜು ಕಂಪ್ಯೂಟರ್ ಸೈನ್ಸ್ ಸೀಟು ಹೆಚ್ಚಿಸಿಕೊಂಡರೆ ಬೆಂಚು ಖಾಲಿಯಾಗೋದು ಚಿಕ್ಕ ಕಾಲೇಜಿನಲ್ಲಿ. ಬೆಂಚು ಖಾಲಿಯಾದ್ರೆ ಫೀಸು ಬರಲ್ಲ, ಫೀಸು ಬರದಿದ್ರೆ ಸಂಬಳ ತಡವಾಗುತ್ತೆ, ಸಂಬಳ ತಡವಾದ್ರೆ ಒಳ್ಳೇ ಮೇಷ್ಟ್ರು ಮೊದಲು ಹೊರಡ್ತಾರೆ. ಬ್ರಾಂಚು ಮುಚ್ಚಿದರೂ ಒಳಗಿರೋ ಮಕ್ಕಳು ಓದು ಮುಗಿಸೋಕೆ ನಿಯಮದಲ್ಲಿ ಅವಕಾಶ ಇದೆ, ನಿಜ. ಆದರೆ ಜೂನಿಯರ್‌ಗಳೇ ಇಲ್ಲದ, ಒಂದೊಂದೇ ಬಾಗಿಲು ಹಾಕ್ತಿರೋ ಡಿಪಾರ್ಟ್‌ಮೆಂಟಿನಲ್ಲಿ ಕೊನೇ ವರ್ಷ ಕಳೆಯೋ ಮಗುವಿನ ಸ್ಥಿತಿ ಊಹಿಸಿ.

ಇಷ್ಟೆಲ್ಲಾ ನೋಡಿದ ಮೇಲೆ ಉಳಿಯೋದು ನಿಮ್ಮ ಮಗು. ಕನ್ನಡ ಮಾಧ್ಯಮದಿಂದ ಬಂದು, ಕೈ ಎತ್ತಿ ಡೌಟು ಕೇಳೋಕೆ ಹಿಂಜರಿಯೋ ಹುಡುಗಿಗೆ ನೂರಾರು ಜನರ ಗುಂಪಿಗಿಂತ, ಹೆಸರು ಹಿಡಿದು ಕರೆಯೋ ಮೇಷ್ಟ್ರಿರೋ ಚಿಕ್ಕ ಕ್ಲಾಸು ಒಳ್ಳೇದು. ಆದರೆ ಪಿಯುಸಿಯಲ್ಲೇ ಕೋಡಿಂಗ್ ಮಾಡ್ತಾ, ತನಗಿಂತ ಚುರುಕಾದವರ ಜೊತೆ ಪೈಪೋಟಿ ಬಯಸೋ ಹುಡುಗ ಚಿಕ್ಕ ಕಾಲೇಜಿನಲ್ಲಿ ಎರಡನೇ ವರ್ಷಕ್ಕೇ ಬೇಜಾರಾಗ್ತಾನೆ. ಅವನಿಗೆ ಜನ ಬೇಕು. ಅವನ ವಿಷಯದಲ್ಲಿ ಸ್ವಲ್ಪ ಸಾಲ ಮಾಡೋದಕ್ಕೂ ಅರ್ಥ ಇದೆ.

ಇಲ್ಲಿ ಒಂದು ಖಾರದ ಮಾತು. ‘ಹೆಣ್ಣುಮಗು, ಮನೆ ಹತ್ತಿರ ಇರಲಿ’ ಅಂತ ಚಿಕ್ಕ ಕಾಲೇಜು ಆರಿಸೋರು ಒಂದು ಸಲ ತಮ್ಮನ್ನೇ ಕೇಳಿಕೊಳ್ಳಿ. ಇದೇ ರ‍್ಯಾಂಕ್ ಮಗನಿಗೆ ಬಂದಿದ್ರೆ ಇದೇ ಕಾಲೇಜಿಗೆ ಸೇರಿಸ್ತಿದ್ರಾ? ಹೌದು ಅಂದ್ರೆ ಸರಿ, ಸೇರಿಸಿ. ಇಲ್ಲ ಅಂದ್ರೆ ಆ ಕಾಲೇಜು ಹೊಂದ್ತಿರೋದು ನಿಮ್ಮ ಭಯಕ್ಕೆ, ಮಗಳಿಗಲ್ಲ.

ದುಡ್ಡು ಕೊಡೋ ಮುಂಚೆ ಮೂರು ವಿಷಯ ನೆನಪಿರಲಿ. ಒಂದು, ರಸೀದಿ ಇಲ್ಲದ ಒಂದು ರೂಪಾಯಿಯನ್ನೂ ಕೊಡಬೇಡಿ. ಡೊನೇಷನ್ ವಸೂಲಿಯನ್ನ ನಿಷೇಧಿಸೋ ಕಾನೂನು ನಮ್ಮ ರಾಜ್ಯದಲ್ಲಿ 1984ರಿಂದ ಇದೆ. ಎರಡು, ಕಾಲೇಜಿನಲ್ಲಿ ನೇರವಾಗಿ ಸೇರಿ, ಕ್ಲಾಸು ಶುರುವಾಗೋ ಮುಂಚೆಯೇ ಬಿಟ್ಟರೆ ಪ್ರೊಸೆಸಿಂಗ್ ಫೀ ಅಂತ ಹೆಚ್ಚೆಂದರೆ 1,000 ರೂಪಾಯಿ ಮುರಿದುಕೊಂಡು ಉಳಿದ ಫೀಸು ವಾಪಸ್ ಕೊಡಬೇಕು ಅಂತ ಎಐಸಿಟಿಇ ನಿಯಮ ಹೇಳುತ್ತೆ. ಸಿಇಟಿ ಸೀಟಿಗೆ ಕೆಇಎಯ ಬೇರೆ ನಿಯಮ ಇದೆ. ಮಾರ್ಕ್ಸ್‌ಕಾರ್ಡು, ಟಿಸಿ ಒತ್ತೆ ಇಟ್ಟುಕೊಳ್ಳೋ ಹಕ್ಕು ಕಾಲೇಜಿಗೆ ಇಲ್ಲ. ಮೂರು, ಮನೆಯ ವರಮಾನ ವರ್ಷಕ್ಕೆ ಎಂಟು ಲಕ್ಷದ ಒಳಗಿದ್ದರೆ ಎಸ್‌ಎನ್‌ಕ್ಯೂ ಕೋಟಾ ವಿಚಾರಿಸಿ. ಮಂಜೂರಾದ ಸೀಟಿನ ಮೇಲೆ ಶೇ. 5ರಷ್ಟು ಹೆಚ್ಚುವರಿ ಸೀಟು, ಟ್ಯೂಷನ್ ಫೀ ಮಾಫಿ. ವರಮಾನ ಪ್ರಮಾಣಪತ್ರವನ್ನ ನಾಡಕಚೇರಿಯಲ್ಲಿ ಈಗಲೇ ಮಾಡಿಸಿಟ್ಟುಕೊಳ್ಳಿ.

ಈ ಓಡಾಟ ಎಲ್ಲಾ ಯಾವಾಗ ಮಾಡಬೇಕು? ಸೀಟು ಸಿಕ್ಕ ಮೇಲಲ್ಲ, ಆಪ್ಷನ್ ಎಂಟ್ರಿಗೂ ಮೊದಲು. ಯಾಕಂದ್ರೆ ಕೆಇಎ ಕಂಪ್ಯೂಟರ್ ನೋಡೋದು ನಿಮ್ಮ ರ‍್ಯಾಂಕ್, ಮೀಸಲಾತಿ ಮತ್ತು ನೀವು ಕೊಟ್ಟ ಪಟ್ಟಿಯ ಕ್ರಮ. ಸುಮ್ಮನೆ ಲೆಕ್ಕಕ್ಕೆ ಇರಲಿ ಅಂತ ಕೊನೆಯಲ್ಲಿ ಬರೆದ ಕಾಲೇಜೂ ಸಿಗಬಹುದು. ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್ ಇರುತ್ತೆ. ಒಂದನೆಯದು, ಒಪ್ಪಿ ಸೇರೋದು. ಎರಡನೆಯದು, ಇದನ್ನ ಹಿಡಿದಿಟ್ಟುಕೊಂಡೇ ಮೇಲಿನದಕ್ಕೆ ಕಾಯೋದು. ಮೂರನೆಯದು, ಬಿಟ್ಟು ಮುಂದಿನ ಸುತ್ತಿಗೆ ಹೋಗೋದು. ನಾಲ್ಕನೆಯದು, ಸಿಇಟಿ ಸೀಟಿನ ಸಹವಾಸವೇ ಬೇಡ ಅಂತ ಹೊರಗೆ ಬರೋದು. ಚಿಕ್ಕ ಕಾಲೇಜನ್ನ ಕಣ್ಣಾರೆ ನೋಡಿದವರು ಎರಡನೇ ಚಾಯ್ಸ್ ಹಾಕಿ ನೆಮ್ಮದಿಯಿಂದ ಕಾಯ್ತಾರೆ. ನೋಡದವರು ಗಾಬರಿಯಲ್ಲಿ ನಾಲ್ಕನೆಯದು ಹಾಕಿ, ಸಂಜೆ ಹೊತ್ತಿಗೆ ಮ್ಯಾನೇಜ್‌ಮೆಂಟ್ ಸೀಟಿನ ಏಜೆಂಟಿಗೆ ಫೋನ್ ಮಾಡ್ತಾರೆ.

ಹಾಗಾಗಿ ಪಟ್ಟಿ ಬರೆಯೋ ಮುಂಚೆ ಒಂದು ದಿನ ರಜೆ ಹಾಕಿ. ಭಾನುವಾರ ಬೇಡ, ಕ್ಲಾಸು ನಡೆಯೋ ವಾರದ ದಿನವೇ ಹೋಗಿ. ಜೊತೆಗೆ ಮಗಳನ್ನ ಕರ್ಕೊಂಡು ಹೋಗಿ, ಮೊದಲು ಅವಳೇ ಪ್ರಶ್ನೆ ಕೇಳಲಿ. ಅಲ್ಲಿ ನಾಲ್ಕು ವರ್ಷ ಕೂರಬೇಕಾದವಳು ಅವಳು.